ಎರಡು ನಿಮಿಷದ ದುರಸ್ತಿ

ಅಕ್ಟೋಬರ್ 3, ಬೆಳಿಗ್ಗೆ 9

ಕಾಫಿ ಬಗ್ಗಿಸುವಷ್ಟರಲ್ಲೇ ವರ್ನಾ ಫೋನು. ಮೂರು ಗಂಟೆ ದಾರಿಯಾಚೆಯ ಕ್ಲಿನಿಕ್ಕಿನವಳು. ರೋಗಿಗಳ ವಿವರ, ಔಷಧಿ, ಎಲ್ಲ ನಮ್ಮ ಕಂಪನಿಯ ಸಾಫ್ಟ್‌ವೇರ್‌ನಲ್ಲೇ. ಅಲ್ಲಿಯ ಸರ್ವರ್ ನೋಡಿಕೊಳ್ಳುವವಳೂ ಅವಳೇ.

"ಕರ್ಸ್ಟನ್, ಹೋದ್ಸಲ ನಿಮ್ಮ ಅಪ್‌ಡೇಟ್ ಹಾಕಿ ಅರ್ಧ ದಿನ ಹಾಳಾಯ್ತಮ್ಮ. ಬಟನ್ ಎಲ್ಲೋ ಹೋಯ್ತು, ಪ್ರಿಂಟರ್ ಸತ್ತೇಹೋಯ್ತು. ಹಾಲ್ ತುಂಬ ಜನ. ಇನ್ಮೇಲೆ ಆ ಪೆಟ್ಟಿಗೆ ಮುಟ್ಟಿದ್ರೆ ಕೈ ಮುರೀತೀನಿ ಅಂತ ಚೀಟಿ ಅಂಟಿಸಿದೀನಿ!"

ನಕ್ಕೆ. ಆಮೇಲೆ ನೆನಪಾಯಿತು. ನಿನ್ನೆಯಷ್ಟೇ ಅದೇ ಸಾಫ್ಟ್‌ವೇರ್‌ನಲ್ಲಿ ಒಂದು ತೂತು ಸಿಕ್ಕಿದೆ — ಪಾಸ್‌ವರ್ಡ್ ಇಲ್ಲದೆಯೇ ಯಾರು ಬೇಕಾದರೂ ಒಳಗೆ ನುಗ್ಗಬಹುದು. ಅದನ್ನು ಮುಚ್ಚಲು ಮತ್ತೊಂದು ಅಪ್‌ಡೇಟ್ ಬೇಕು. ಇವಳು ಅದನ್ನು ಹಾಕಿಕೊಳ್ಳಬೇಕು.

ಅಕ್ಟೋಬರ್ 4

ಬಾಸ್ ಕ್ಲೇಟನ್ ಜತೆ ಜಗಳ.

"ಹೊಸ ಬಣ್ಣ, ಹೊಸ ಮೆನು ರೆಡಿ ಇದೆ. ಎಲ್ಲಾ ಒಟ್ಟಿಗೇ ಕಳಿಸೋಣ."

"ಬೀಗ ರಿಪೇರಿಗೆ ಕರೆದ್ರೆ ಅಡುಗೆಮನೇನೂ ಕೆಡವ್ತೀರಾ?"

"ಶುರುವಾಯ್ತು ನಿಂದು."

ಮೈಯೆಲ್ಲ ಉರಿಯಿತು. ಬಣ್ಣವಂತೆ, ಬಣ್ಣ! ನಾನೂ ಬಿಡುವವಳಲ್ಲ.

ಅಕ್ಟೋಬರ್ 8

ಗೆದ್ದೆ. ದುರಸ್ತಿ ಮಾತ್ರ. ಎರಡೇ ನಿಮಿಷ. ಕೆಲಸದಲ್ಲಿದ್ದವರು ಹೊರಬೀಳುವುದಿಲ್ಲ, ಟೈಪ್ ಮಾಡಿದ್ದು ಅಳಿಯುವುದಿಲ್ಲ, ಬಟನ್ ಇದ್ದಲ್ಲೇ. ಪ್ರಿಂಟರ್ ಹನ್ನೆರಡು ಸಲ ಪರೀಕ್ಷಿಸಿದೆ.

ಕ್ಲೇಟನ್ ಒಂದೇ ಷರತ್ತು ಹಾಕಿದ: "ತೂತು ಗೀತು ಅಂತ ಬರೀಬೇಡ. ಜನ ಹೆದರ್ತಾರೆ." ಗೆದ್ದ ಖುಷಿಯಲ್ಲಿ ಹೂಂ ಅಂದೆ. ಅಪ್‌ಡೇಟ್ ಜತೆ ಕ್ಲಿನಿಕ್‌ಗಳಿಗೆ ಹೋಗುವ ಪತ್ರದಲ್ಲಿ ಬರೆದೆ: ಸಣ್ಣಪುಟ್ಟ ದುರಸ್ತಿ, ಬಿಡುವಾದಾಗ ಹಾಕಿಕೊಳ್ಳಿ.

ಅಕ್ಟೋಬರ್ 15

ಇಲ್ಲಿಯ ಅಕ್ಟೋಬರ್ ಹಬ್ಬ, ಥ್ಯಾಂಕ್ಸ್‌ಗಿವಿಂಗ್, ಮುಗಿಯಿತು. ಡಬ್ಬಿಯಲ್ಲಿ ಹಬ್ಬದೂಟದಿಂದ ಉಳಿದ ಟರ್ಕಿ ಕೋಳಿ. ಅರವತ್ತು ಕ್ಲಿನಿಕ್‌ಗಳಲ್ಲಿ ಹಾಕಿಕೊಂಡವರು ಹತ್ತೊಂಬತ್ತು! ಏನು ಜನವಪ್ಪಾ ಇವರು? ಎರಡು ನಿಮಿಷಕ್ಕೂ ಸೋಮಾರಿತನವೇ? ನಾವು ಕಳಿಸಿದ್ದಾಯಿತು. ಹಾಕಿಕೊಳ್ಳದಿದ್ದರೆ ಅವರ ಹಣೆಬರಹ.

ಅಕ್ಟೋಬರ್ 23, ರಾತ್ರಿ

ಮಧ್ಯಾಹ್ನ ವರ್ನಾ ಫೋನು. ಅವಳ ಸರ್ವರ್‌ಗೆ ಯಾರೋ ನುಗ್ಗಿದ್ದಾರೆ. ಎಲ್ಲ ದಾಖಲೆಗೂ ಬೀಗ ಜಡಿದಿದ್ದಾರೆ, ಒಂದೂ ತೆರೆಯುತ್ತಿಲ್ಲ. ಒಬ್ಬ ಅಜ್ಜನ ರಕ್ತ ತೆಳುವಾಗಿಸುವ ಮಾತ್ರೆ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಅವನಿಗೂ ನೆನಪಿಲ್ಲ.

"ಯಾಕೆ ಹಾಕ್ಕೊಳ್ಲಿಲ್ಲ ವರ್ನಾ?" ಕಿರುಚಿಯೇಬಿಟ್ಟೆ.

"ನೀನೇ ಬರ್ದಿದ್ಯಲ್ಲಮ್ಮ, ಬಿಡುವಾದಾಗ ಅಂತ. ಎರಡು ವಾರದಿಂದ ಫ್ಲೂ ಇಂಜೆಕ್ಷನ್. ನಾನೂರು ಜನ. ನಂಗೆಲ್ಲಿತ್ತು ಬಿಡುವು?"

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಕ್ಲೇಟನ್ ಹೇಳಿದ್ದು: "ನಾವು ಕಳಿಸಿದ್ವಲ್ಲ? ಹಾಕ್ಕೊಳ್ದೇ ಇದ್ದದ್ದು ಅವರ ಹಣೆಬರಹ." ಹಲ್ಲು ಕಡಿದೆ. ಮನೆಗೆ ಬಂದು ಇದೇ ಪುಸ್ತಕ ತೆರೆದರೆ, ಹದಿನೈದನೇ ತಾರೀಖು, ನನ್ನದೇ ಕೈಬರಹದಲ್ಲಿ ಅದೇ ಮಾತು. ಥೂ ನನ್ನ ಜನ್ಮಕ್ಕೆ.

ಅಕ್ಟೋಬರ್ 24, ಬೆಳಿಗ್ಗೆ 7

ಆಫೀಸು. ಇನ್ನೂ ಮೂವತ್ತೆಂಟು ಕ್ಲಿನಿಕ್ ಬಾಕಿ. ವಕೀಲರನ್ನು ಕೇಳುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ಕ್ಲೇಟನ್ ಹೇಳಿದ್ದಾನೆ.

ಬರೆದೆ: ಹೊರಗಿನವರು ಒಳನುಗ್ಗುವ ತೂತಿದೆ. ಒಂದು ಕ್ಲಿನಿಕ್‌ಗೆ ನುಗ್ಗಿಯೂ ಆಯಿತು. ಬಿಡುವು ಕಾಯಬೇಡಿ, ಈಗಲೇ ಹಾಕಿ. ಎರಡೇ ನಿಮಿಷ, ಏನೂ ಅಲುಗುವುದಿಲ್ಲ. ಇದನ್ನು ಸಣ್ಣದು ಎಂದು ಬರೆದವಳು ನಾನೇ. — ಕರ್ಸ್ಟನ್.

7.20

ಮೂವತ್ತೆಂಟಕ್ಕೂ ಕಳಿಸಿದೆ.

7.31

ಹಾಕಿಕೊಳ್ಳದವರು ಈಗ ಮೂವತ್ತೊಂದು.

7.40

ಇಪ್ಪತ್ತೆರಡು. ಕ್ಲೇಟನ್ ಕಾರು ಬಂತು. ಬರಲಿ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಹದಿನೆಂಟು. ಇನ್ನೊಂದು ಹತ್ತು ನಿಮಿಷ ಅವನನ್ನು ಬಾಗಿಲಲ್ಲೇ ತಡೆದಿಟ್ಟರೆ ಸಾಕು, ಉಳಿದವರೂ ಹಾಕಿಕೊಂಡಾರು —