ಬಟಾಣಿ ಕಾಯುವ ಕೋಚ್

ಅಕ್ಕಾ,

ಬವೇರಿಯಾದ ಈ ಊರಿನವರಿಗೆ ತಲೆ ಕೆಟ್ಟಿದೆ. ಯಾವ ತೋಟ ನೋಡಿದರೂ ಫುಟ್‌ಬಾಲ್ ಕೋಚ್ ಫೋಲ್ಕ್‌ಮಾರನ ಗಿಡ್ಡ ಗೊಂಬೆ. ಒಂದು ಕಪ್ ಕೂಡ ಗೆಲ್ಲದೆ, ಸೋತಾಗಲೆಲ್ಲ ಆಟಗಾರರನ್ನು ತಬ್ಬಿಕೊಂಡು ಅಳುವ ಆ ನಾಟಕದವನಿಗೆ ಗುಲಾಬಿಗಳ ನಡುವೆ ಜಾಗ! ಕೋಚ್ ಆಗಿ ಎರಡು ಸಲ ಲೀಗ್ ಗೆಲ್ಲಿಸಿದ ನಮ್ಮ ಭಾವನ ಗೊಂಬೆ ಕಂಡಿದ್ದು ನನ್ನ ಮನೆಯೊಡತಿ ಓರ್‌ಟ್ರುಡ್ ಅವರ ಬಟಾಣಿ ಮಡಿಯಲ್ಲಿ ಮಾತ್ರ.

ಹಿಗ್ಗಿಹೋಗಿ, "ನಿಮಗಾದ್ರೂ ಬುದ್ಧಿ ಇದೆಯಲ್ರೀ" ಎಂದೆ.

"ಅಭಿಮಾನ ಅಂದ್ಕೊಂಡ್ರಾ? ಆ ಗಂಟುಮುಖ ನೋಡಿದ್ರೆ ಒಂದು ಹಕ್ಕಿನೂ ಈ ಕಡೆ ಸುಳಿಯಲ್ಲ" ಎಂದರು.

ಸಂಬಂಧ ಹೇಳಿಕೊಳ್ಳಲಿಲ್ಲ.

ಬಿಸಿನೀರ ಚಿಕಿತ್ಸೆಯಿಂದ ಮಂಡಿನೋವು ಇಳಿದಿದೆ. ಈಗ ಮತ್ತೆ ಆ ಸ್ನಾನಕ್ಕೆ ಕರೆಯುತ್ತಿದ್ದಾರೆ, ಹೊರಟೆ. ನಿಮ್ಮನೆಯ ಟಪಾಲು ಮೊದಲು ಓದುವವರು ಭಾವನೇ ತಾನೆ? ಓದಲಿ. ಓದಿ ಒಂದು ಸಲವಾದರೂ ನಗಲಿ.

ಹೆಡ್ವಿಗ್