ಮೆಟ್ಟಿಲಿನ ಹಳದಿ ಪಟ್ಟಿ ಕೀಳಿಸಿದವರಿಗೆ

ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಮೆಟ್ಟಿಲು ಜಾರುತ್ತದೆ. ಜಾರದಂತೆ ನಾವು ಅಂಟಿಸಿದ್ದ ಪಟ್ಟಿಯನ್ನು ನೀವು ಕೀಳಿಸಿದಿರಿ. ಒಬ್ಬ ಹೆಂಗಸಿನ ತೊಡೆಯ ಮೂಳೆ ಮುರಿಯಿತು. ಇನ್ನೊಬ್ಬಳು ಆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾಳೆ. ಆ ಇನ್ನೊಬ್ಬಳು ನನ್ನ ಹೆಂಡತಿ ಜಮಾಲುನ್ನೀಸಾ. ಅವಳ ರಕ್ತವನ್ನು ಶುದ್ಧಮಾಡುವ ಡಯಾಲಿಸಿಸ್ ಯಂತ್ರ ಇರುವುದು ಆ ಮೆಟ್ಟಿಲುಗಳ ಮೇಲ್ತುದಿಯಲ್ಲಿ. ವಿಷಯ ಇಷ್ಟೇ. ಮುಂದಿನದನ್ನೆಲ್ಲ ಬರೆಯುತ್ತಿರುವುದು ನೀವು ಓದಬಹುದೆಂಬ ಆಸೆಯಿಂದ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ತುಮಕೂರಿನಲ್ಲಿ ಕಪ್ಪು ಗ್ರಾನೈಟಿನ ಮೆಟ್ಟಿಲಿರುವ ಕಟ್ಟಡಗಳು ಬೇಕಾದಷ್ಟಿವೆ. ಓದುವ ಅಧಿಕಾರಿಗಳೆಲ್ಲ ಇದು ತಮಗೇ ಬರೆದದ್ದೆಂದು ಒಂದು ಕ್ಷಣ ಗಾಬರಿಯಾದರೆ ನನಗೇನೂ ನಷ್ಟವಿಲ್ಲ. ಲಿಫ್ಟ್ ಇಲ್ಲವೇ ಎಂದು ಓದುಗರು ಕೇಳಿಯಾರು. ಇದೆ. ಓಡಲು ಶುರುವಾಗಿಲ್ಲ, ಅಷ್ಟೇ. ಅದರ ಬಾಗಿಲಿಗೆ ಕಂಪನಿಯವರು ಹಚ್ಚಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಸುಲಿದಿಲ್ಲ. ನೀವು ಸುಲಿಸುವುದು ಬೇರೆಯದನ್ನು.

ನಾನು ಪಿಯು ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ವರ್ಷದಿಂದ ವರ್ಷಕ್ಕೆ ಹುಡುಗರು ಕಡಿಮೆಯಾಗುತ್ತಿರುವ ವಿಷಯ. ಹೆಂಡತಿಯ ಡಯಾಲಿಸಿಸ್ ಸರದಿಯಿರುವ ಸೋಮವಾರ ಮತ್ತು ಗುರುವಾರ ರಜೆ ಹಾಕಿ ನಿಮ್ಮ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಹಾಗೆ ಕೂತವನಿಗೆ ಮನುಷ್ಯರ ಮುಖ ಕಾಣುವುದಿಲ್ಲ, ಪಾದ ಕಾಣುತ್ತವೆ. ಗುಬ್ಬಿ ಬಸ್ಸು ಇಳಿದು ಬಂದ ಪಾದ, ಕುಣಿಗಲ್ಲಿನಿಂದ ಬಂದ ಪಾದ, ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ನೇರ ಬಂದ ಶೂ. ಏರುವಾಗ ಪಾದಕ್ಕೆ ಸ್ವಲ್ಪ ಧೈರ್ಯವಿರುತ್ತದೆ. ಯಂತ್ರದಿಂದ ಎದ್ದು ಇಳಿದು ಬರುವ ಪಾದ ಬೇರೆ. ಅದು ಗಾಳಿಯಲ್ಲಿ ಒಂದು ಗಳಿಗೆ ನಿಂತು ನೆಲ ಎಲ್ಲಿದೆ ಎಂದು ಯೋಚಿಸುತ್ತದೆ. ಕಪ್ಪು ಮೆಟ್ಟಿಲು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ನನಗೇ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿರುವ ಜಮಾಲುನ್ನೀಸಾಳಿಗೆ ಹೇಗೆ ತಿಳಿದೀತು?

ಅಂತರಸನಹಳ್ಳಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಆ ಟೇಪ್ ಸಿಕ್ಕಿತು. ಒಂದು ಬದಿ ಅಂಟು, ಇನ್ನೊಂದು ಬದಿ ಉಪ್ಪುಕಾಗದದ ಹಾಗೆ ತರಿತರಿ. ಫ್ಯಾಕ್ಟರಿಗಳಲ್ಲಿ ಎಣ್ಣೆ ಚೆಲ್ಲುವ ಕಡೆ ಹಾಕುತ್ತಾರಂತೆ. ಮಂಜುಗಣ್ಣಿಗೂ ಕಾಣಲಿ ಎಂದು ಹಳದಿಯದನ್ನೇ ತಂದೆ. ನಿಮ್ಮ ಸೂಪರ್‌ವೈಸರ್ ಮೋಹನ್‌ಕುಮಾರ್ ಅವರನ್ನು ಕೇಳಿದಾಗ ಅವರು ಆಚೀಚೆ ನೋಡಿ, "ನಾನು ನೋಡ್ಲಿಲ್ಲ ಅಂದ್ಕೊಳ್ಳಿ ಸಾರ್, ಭಾನುವಾರ ಬನ್ನಿ" ಎಂದರು. ಭಾನುವಾರ ಹೋದರೆ, ನೋಡದ ಆ ಮನುಷ್ಯ ಒಣಬಟ್ಟೆ ಹಿಡಿದು ಮೆಟ್ಟಿಲು ಒರೆಸುತ್ತ ಕೂತಿದ್ದರು. ಪ್ರತಿ ಮೆಟ್ಟಿಲಿನ ಅಂಚಿಗೂ ಪಟ್ಟಿ ಅಂಟಿಸಿದೆವು.

ಸೋಮವಾರ ನಾನು ನಿರೀಕ್ಷಿಸದ್ದು ನಡೆಯಿತು. ಜನ ಪಟ್ಟಿಯನ್ನು ದಾಟತೊಡಗಿದರು. ಸೀರೆ ಎತ್ತಿ ಹಿಡಿದು, ಹಳದಿಯನ್ನು ತಪ್ಪಿಸಿ, ಅದರಾಚೆಯ ನುಣುಪಿನ ಮೇಲೆಯೇ ಕಾಲಿಡುತ್ತಿದ್ದರು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಗಂಡ ಕಾಳಯ್ಯನವರನ್ನು ಡಯಾಲಿಸಿಸ್‌ಗೆ ಕರೆತರುತ್ತಿದ್ದ ಮಂಜುಳಮ್ಮ ಮೊದಲ ಮೆಟ್ಟಿಲ ಮುಂದೆ ನಿಂತೇಬಿಟ್ಟರು.

"ಅರ್ಶಿಣ ಬಳ್ದವ್ರಲ್ಲ ಮೇಷ್ಟ್ರೆ, ಹೊಸ್ಲು ಇದ್ದಂಗೈತೆ. ತುಳಿಯಾದೆಂಗೆ?"

ಉತ್ತರ ಹೇಳಿದ್ದು ಬೆಂಚಿನಲ್ಲಿ ಕೂತಿದ್ದ ನನ್ನ ಹೆಂಡತಿ. "ಅದು ಅರ್ಶಿಣ ಅಲ್ಲ ಮಂಜಕ್ಕ, ಗಮ್ ಟೇಪು. ತುಳೀಲಿ ಅಂತಾನೇ ಹಾಕಿರೋದು. ಅದರ ಮೇಲೇ ಕಾಲಿಡು."

"ನೀನೇನವ್ವ, ಸಲೀಸಾಗಿ ಹೇಳ್ತೀಯ. ನಮ್ಮತ್ತೆ ಇದ್ದಿದ್ರೆ ಕಾಲು ಮುರ್ದಿರೋಳು."

"ನಿಮ್ಮತ್ತೆ ಈ ಗ್ರಾನೈಟ್ ಹತ್ತಿದ್ರೆ ಅವರ ಕಾಲೇ ಮುರೀತಿತ್ತು."

ಮಂಜುಳಮ್ಮ ಗಟ್ಟಿಯಾಗಿ ನಕ್ಕರು. "ಆಯ್ತು ಬುಡು, ತುಳಿದೇ ಬುಡ್ತೀನಿ. ಪಾಪಗೀಪ ಬಂದ್ರೆ ಅರ್ಧ ನಿಂದು ಕಣವ್ವ!"

"ಅರ್ಧ ನಂದೇ. ಹತ್ತು ಮೊದ್ಲು."

ಅಂದಿನಿಂದ ಬರುವವರಿಗೆಲ್ಲ ಹೇಳುವುದು ಜಮಾಲುನ್ನೀಸಾಳ ಕೆಲಸವಾಯಿತು. ಯಂತ್ರದ ಸರದಿ ಬರುವವರೆಗೆ ಕೆಳಗೆ ಕೂತು, ಹೆಜ್ಜೆ ಸದ್ದು ಕೇಳಿದೊಡನೆ "ಹಳದಿ ಮೇಲೆ, ಹಳದಿ ಮೇಲೆ" ಎನ್ನುತ್ತಿದ್ದಳು. ಕಾಯಿಲೆ ಬಂದ ಮೇಲೆ ಅವಳು ಬೇರೆಯವರಿಗೆ ಏನನ್ನಾದರೂ ಕಲಿಸಿದ್ದು ಅದೇ ಮೊದಲು. ಕ್ರಮೇಣ ಅವಳು ಹೇಳಬೇಕಾದ ಅಗತ್ಯ ಉಳಿಯಲಿಲ್ಲ. ಪಾದಗಳು ತಾವಾಗಿ ಅಂಚನ್ನು ಹುಡುಕಿಕೊಳ್ಳುತ್ತಿದ್ದವು. ನಂಬಿಕೆ ಎಂಬ ಪದವನ್ನು ನಾನು ತರಗತಿಯಲ್ಲಿ ಅನುಮಾನದಿಂದಲೇ ಬಳಸುವವನು. ಆದರೆ ಅಲ್ಲಿ ಕಂಡದ್ದಕ್ಕೆ ಬೇರೆ ಪದ ಸಿಗಲಿಲ್ಲ.

ಆಮೇಲೆ ನಿಮ್ಮ ಹೊಸ ವಿಭಾಗದ ಉದ್ಘಾಟನೆ ಬಂತು. ಗಣ್ಯರು ಬರುವ ಮುನ್ನಾದಿನ ಪಟ್ಟಿಗಳನ್ನು ಕೆರೆಸಿದಿರಿ. ಉಳಿದ ಅಂಟನ್ನು ಸೀಮೆಎಣ್ಣೆ ಹಾಕಿ ಉಜ್ಜಿಸಿದಿರಿ, ಮೇಲೆ ಪಾಲಿಶ್ ಹೊಡೆಸಿದಿರಿ. "ಫೋಟೋದಲ್ಲಿ ಗ್ರಾನೈಟ್ ಮಿಂಚಬೇಕು ಅಂತ ಮೇಲಿಂದ ಹೇಳಿದ್ರು ಸಾರ್" ಎಂದರು ಮೋಹನ್‌ಕುಮಾರ್, ನನ್ನ ಮುಖ ನೋಡದೆ. ಮಿಂಚಿತೇ? ಗಣ್ಯರು ಜಾರಬಾರದೆಂದು ಮೆಟ್ಟಿಲಿನುದ್ದಕ್ಕೂ ಕೆಂಪು ಕಾರ್ಪೆಟ್ ಹಾಸಿದ್ದಿರಿ. ಮರುದಿನದ ಪತ್ರಿಕೆಯ ಫೋಟೋದಲ್ಲಿ ಗ್ರಾನೈಟ್ ಒಂದು ಚೂರೂ ಕಾಣುವುದಿಲ್ಲ. ಸಂಜೆ ಕಾರ್ಪೆಟ್ ಸುತ್ತಿ ಒಳಗಿಟ್ಟಿರಿ. ಜಾರದೆ ನಡೆಯುವ ಹಕ್ಕು ಶಾಮಿಯಾನದ ಜೊತೆಗೆ ಬಾಡಿಗೆಗೆ ಬಂದು, ಶಾಮಿಯಾನದ ಜೊತೆಗೇ ಹೋಯಿತು.

ನೀವು ಟೇಪನ್ನು ಕಿತ್ತಿರಿ. ಕಾಲಿನ ಅಭ್ಯಾಸವನ್ನು ಕೀಳಲಾಗಲಿಲ್ಲ. ಮುಂದಿನ ಗುರುವಾರ ಮಂಜುಳಮ್ಮ ಮೇಲಿನಿಂದ ನೀರಿನ ಬಾಟಲಿ ಹಿಡಿದು ಇಳಿಯುವಾಗ, ಕಲಿತ ಹಾಗೆ, ಸರಿಯಾಗಿ ಅಂಚಿನ ಮೇಲೇ ಕಾಲಿಟ್ಟರು. ಕೆಳಗೆ ಬೆಂಚಿನಲ್ಲಿದ್ದ ಜಮಾಲುನ್ನೀಸಾಳಿಗೆ ಅದು ಕಾಣಲಿಲ್ಲ, ಕೇಳಿಸಿತು. ಬಾಟಲಿ ಮೊದಲು ಉರುಳಿ ಬಂತು.

ಮಂಜುಳಮ್ಮನ ತೊಡೆಯಲ್ಲಿ ಈಗ ರಾಡ್ ಇದೆ. ಕಾಳಯ್ಯನವರು ಒಬ್ಬರೇ ಬರುತ್ತಾರೆ. ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ, ಕೂತುಕೂತೇ ಮೇಲೇರುತ್ತಾರೆ. ಪಂಚೆಯಲ್ಲೇ ನಿಮ್ಮ ಪಾಲಿಶ್ ಒರೆಸುತ್ತ ಹೋಗುವುದರಿಂದ ಗುಡಿಸುವವರಿಗೂ ಒಂದಿಷ್ಟು ಕೆಲಸ ಕಡಿಮೆ. ಆ ಫೋಟೋ ತೆಗೆಸಿದ್ದೀರಾ?

ನೀವು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಮಂಜುಳಮ್ಮ ಬಿದ್ದ ಮೇಲೆ ಗೋಡೆಗೆ ಒಂದು ಬೋರ್ಡು ಬಂತು: 'ಎಚ್ಚರಿಕೆ, ಮೆಟ್ಟಿಲು ಜಾರುತ್ತದೆ.' ನನ್ನ ವಿಷಯದ ಮಿತಿಯಲ್ಲೇ ಕೇಳುತ್ತೇನೆ. ಜಾರುತ್ತದೆಂದು ನಿಮಗೆ ಗೊತ್ತು. ಜಾರದಂತೆ ಮಾಡಬಹುದೆಂದು ಗೊತ್ತು, ಏಕೆಂದರೆ ಹಾಗೆ ಮಾಡಿದ್ದನ್ನು ಕೀಳಿಸಿದವರು ನೀವೇ. ಇವೆರಡರಿಂದ ಯಾವ ತೀರ್ಮಾನಕ್ಕೆ ಬರಬೇಕೆಂದು ನನ್ನ ಅತಿ ದಡ್ಡ ವಿದ್ಯಾರ್ಥಿಯೂ ಹೇಳುತ್ತಾನೆ. ಮತ್ತೆ ಪಟ್ಟಿ ಹಾಕಲು ಅನುಮತಿ ಕೇಳಿ ಬಂದಾಗ ನೀವು "ಪರಿಶೀಲಿಸೋಣ" ಎಂದಿರಿ. ಮೋಹನ್‌ಕುಮಾರ್‌ಗೆ ಈ ಸಲ ನೋಡದೆ ಇರುವ ಧೈರ್ಯವಿಲ್ಲ. ನೋಟಿಸ್ ಕೊಟ್ಟಿದ್ದೀರಂತೆ.

ಜಮಾಲುನ್ನೀಸಾ ಈ ವಾರ ಎರಡೂ ಸರದಿ ತಪ್ಪಿಸಿದಳು. "ನಾನು ತೋರಿಸಿದ ಜಾಗದಲ್ಲೇ ಅವಳು ಕಾಲಿಟ್ಟಳು. ಅರ್ಧ ನನ್ನದು ಅಂತ ಒಪ್ಪಿದ್ದೆನಲ್ಲ" ಎನ್ನುತ್ತಾಳೆ. ತಪ್ಪು ನಿನ್ನದಲ್ಲ ಎಂದು ತರ್ಕಬದ್ಧವಾಗಿ ವಿವರಿಸಿದೆ. ತಾಳ್ಮೆಯಿಂದ ಕೇಳಿ, ಗೋಡೆಯ ಕಡೆ ತಿರುಗಿ ಮಲಗಿದಳು. ಕಾಲು ಊದಿಕೊಂಡಿದೆ. ಈಗ ಮಲಗಲೂ ಆಗದೆ ದಿಂಬಿಗೆ ಒರಗಿ ಕೂರುತ್ತಾಳೆ. ನಿಮ್ಮ ನರ್ಸ್ ಬಿಂದುಶ್ರೀ ಫೋನ್ ಮಾಡಿ, "ಸಾರ್, ಹೇಗಾದ್ರೂ ಮಾಡಿ ಕರ್ಕೊಂಡ್ಬನ್ನಿ. ಸೋಮವಾರನೂ ತಪ್ಪಿದ್ರೆ ನೀರು ಎದೆಗೆ ತುಂಬ್ಕೊಳತ್ತೆ" ಎಂದು ಹೆಚ್ಚುಕಡಿಮೆ ಅತ್ತರು. ಬೇರೆ ಆಸ್ಪತ್ರೆಗಳಲ್ಲಿ ವಿಚಾರಿಸಿದೆ. ಯಂತ್ರ ಖಾಲಿಯಾದಾಗ ತಿಳಿಸುತ್ತಾರಂತೆ. ಯಂತ್ರ ಖಾಲಿಯಾಗುವುದೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎತ್ತಿಕೊಂಡು ಹತ್ತಿ ಎಂದವರೂ ಇದ್ದಾರೆ. ಒಬ್ಬರ ಭಾರಕ್ಕೇ ಜಾರುವ ಮೆಟ್ಟಿಲು ಇಬ್ಬರ ಭಾರಕ್ಕೆ ಕರುಣೆ ತೋರಿಸುತ್ತದೆಯೇ?

ನಿನ್ನೆ ಅವಳು ಒಂದು ಮಾತಿಗೆ ಒಪ್ಪಿದಳು: "ಹಳದಿ ಮತ್ತೆ ಹಾಕಿದ್ದರೆ ಹತ್ತುತ್ತೇನೆ."

ಈ ಪತ್ರವನ್ನು ಶನಿವಾರ ಅಚ್ಚುಹಾಕುವುದಾಗಿ ಪತ್ರಿಕೆಯವರು ಹೇಳಿದ್ದಾರೆ. ಭಾನುವಾರ ನಿಮ್ಮ ಮೆಟ್ಟಿಲುಗಳು ಖಾಲಿಯಿರುತ್ತವೆ. ಟೇಪಿನ ಸುರುಳಿ ನನ್ನ ಬಳಿ ಇದೆ, ಒರೆಸಲು ಬಟ್ಟೆಯನ್ನೂ ನಾನೇ ತರುತ್ತೇನೆ. ಪಾಲಿಶ್ ತೆಗೆಸಿ, ಪಟ್ಟಿ ಹಾಕಲು ಬಿಡಿ, ಮುಂದಿನ ಉದ್ಘಾಟನೆಗೆ ಅದನ್ನು ಕೀಳುವುದಿಲ್ಲ ಎಂದು ಬರೆದುಕೊಡಿ. ಮೋಹನ್‌ಕುಮಾರ್‌ಗೆ ಕೊಟ್ಟ ನೋಟಿಸ್ ಹಿಂಪಡೆಯಿರಿ. ಇಷ್ಟನ್ನು ಬೇಡಿಕೆ ಎನ್ನಿ, ಭಿಕ್ಷೆ ಎನ್ನಿ, ನಿಮಗೆ ಸಹಿ ಹಾಕಲು ಯಾವ ಪದ ಅನುಕೂಲವೋ ಅದನ್ನೇ ಎನ್ನಿ.

ಸೋಮವಾರ ಬೆಳಿಗ್ಗೆ ಅವಳು ಆಟೋದಲ್ಲೇ ಕೂತಿರುತ್ತಾಳೆ. ನಾನು ಮೊದಲು ಇಳಿದು ಒಳಗೆ ಬಂದು ನೋಡಿ, ಹಳದಿ ಇದೆಯೋ ಇಲ್ಲವೋ ಹೋಗಿ ಹೇಳಬೇಕು. ಅವಳ ಕಣ್ಣಿಗೆ ದೂರದಿಂದ ಏನೂ ಕಾಣುವುದಿಲ್ಲ. ಇಲ್ಲದಿದ್ದರೂ ಇದೆ ಎಂದರೆ ನನ್ನ ಮಾತು ನಂಬಿ, ಕಲಿತ ಹಾಗೆ, ಅಂಚಿನ ಮೇಲೇ ಕಾಲಿಡುತ್ತಾಳೆ. ಇಲ್ಲ ಎಂದರೆ ಆಟೋ ತಿರುಗಿಸಲು ಹೇಳುತ್ತಾಳೆ. ಮೆಟ್ಟಿಲಿನಿಂದ ಆಟೋವರೆಗಿನ ಆ ನಾಲ್ಕು ಹೆಜ್ಜೆಗಳಲ್ಲಿ ನಾನು ಏನು ಹೇಳಬೇಕೆಂದು ನೀವು ತೀರ್ಮಾನಿಸಿ.

ಇಂತಿ,
ಹೆಂಡತಿಗೆ ಈವರೆಗೆ ಸುಳ್ಳು ಹೇಳಬೇಕಾಗಿ ಬರದ,
ಮುಖ್ತಾರ್ ಅಹಮದ್
ತುಮಕೂರು