ಹನ್ನೊಂದು ಗಂಟೆಯ ನೀರು ಎಂಟೂ ಐವತ್ತಕ್ಕೆ ಬಂದ ಬಗ್ಗೆ

ನಾಸಿಕ ಸೀಮೆಯ ಅಣೆಕಟ್ಟೊಂದರಲ್ಲಿ ನೀರು ಬಿಡುವ ಆದೇಶಕ್ಕೆ ಸಹಿ ಹಾಕುವ ಕಾರ್ಯಪಾಲಕ ಅಭಿಯಂತರರಿಗೆ,

ಮಾನ್ಯರೇ ಎಂದೇ ಆರಂಭಿಸುತ್ತೇನೆ. ಅದು ಪತ್ರಲೇಖನದ ಶಿಷ್ಟಾಚಾರ. ನಿಮ್ಮ ಯೋಗ್ಯತೆಗೆ ನಾನು ಕೊಟ್ಟ ಪ್ರಮಾಣಪತ್ರವೆಂದು ಭಾವಿಸುವ ತಪ್ಪು ಮಾಡಬೇಡಿ. ಕಳೆದ ವರ್ಷ ಯುಗಾದಿ ಮುಗಿದ ಮೊದಲ ರವಿವಾರ ನದಿಗೆ ನೀರು ಬಿಡುವ ವೇಳೆ ಬೆಳಿಗ್ಗೆ ಹನ್ನೊಂದು ಎಂದು ನಿಮ್ಮ ಸಹಿ, ನಿಮ್ಮ ಮೊಹರು ಹೊತ್ತ ಕಾಗದ ಹೇಳಿತ್ತು. ನೀರು ಎಂಟೂ ಐವತ್ತಕ್ಕೆ ಬಂತು. ಆಗ ನನ್ನ ಮಗಳು ಅಶ್ವಿನಿ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಒಣ ನದಿಯ ನಡುವೆ ಬಂಡೆಯ ಮೇಲೆ ನಿಂತಿದ್ದಳು. ಅವಳಿಗೆ ಇಪ್ಪತ್ತೈದು ವರ್ಷ. ಅಣೆಕಟ್ಟಿನ ಸೈರನ್ ಕೂಗಲಿಲ್ಲ.

ಈ ಪತ್ರ ಕನ್ನಡದಲ್ಲೇಕೆ ಎಂದು ನೀವು ಕೇಳಬಹುದು. ಮರಾಠಿಯಲ್ಲಿ ಏಳು ಸಲ ಬರೆದೆ, ಇಂಗ್ಲಿಷಿನಲ್ಲಿ ಎರಡು ಸಲ. ಒಂಬತ್ತಕ್ಕೂ ಸೇರಿ ಒಂದು ಉತ್ತರ ಬಂತು, ಅದೂ ಕೇಳಿದ ಪ್ರಶ್ನೆಗಲ್ಲ. ಓದದವರಿಗೆ ಯಾವ ಭಾಷೆಯಾದರೇನು? ಇನ್ನು ಮೇಲೆ ನನ್ನ ಭಾಷೆಯಲ್ಲೇ ಬರೆಯುತ್ತೇನೆ. ಇಲ್ಲಿ ಸಂಭಾಜಿನಗರದ ನಮ್ಮ ಕನ್ನಡ ಸಂಘದ ಪತ್ರಿಕೆ ಇದನ್ನು ಅಚ್ಚು ಮಾಡುತ್ತದೆ. ಬೀದರ, ಕಲಬುರಗಿ, ಉಡುಪಿ ಬಿಟ್ಟು ಬಂದ ನಾಲ್ಕುನೂರು ಮನೆಗಳಲ್ಲಿ ಓದುತ್ತಾರೆ. ಆ ಮನೆಗಳ ಮಕ್ಕಳೂ ರಜೆಗೆ ನಿಮ್ಮ ನದಿಗೆ ಹೋಗುತ್ತಾರೆ. ಅವರಿಗಾದರೂ ನಿಮ್ಮ ಸಹಿಯ ಬೆಲೆ ತಿಳಿದಿರಲಿ.

ನಾನು ಭಾಲ್ಕಿಯವನು. ಕಾಲೇಜಿನಲ್ಲಿ ಚರ್ಚಾಪಟುವಾಗಿದ್ದೆ. ಚರ್ಚಾಸ್ಪರ್ಧೆಯ ನಿಯಮ ನಿಮಗೆ ತಿಳಿದಿರಲಿಕ್ಕಿಲ್ಲ, ಹೇಳುತ್ತೇನೆ. ಮಾತಿನ ಅವಧಿ ಮುಗಿಯಲು ಒಂದು ನಿಮಿಷ ಇರುವಾಗ ಒಂದು ಗಂಟೆ ಬಾರಿಸುತ್ತಾರೆ. ಅದು ಎಚ್ಚರಿಕೆ. ಅವಧಿ ಮುಗಿದಾಗ ಇನ್ನೊಂದು. ಮೊದಲನೆಯದನ್ನು ಬಾರಿಸದೆ ಎರಡನೆಯದನ್ನು ಬಾರಿಸುವ ಅಧ್ಯಕ್ಷನನ್ನು ನಾವು ಹದಿನೆಂಟರ ಹುಡುಗರು ವೇದಿಕೆಯಿಂದ ಇಳಿಸುತ್ತಿದ್ದೆವು. ಮುಂದೆ ಈ ಊರಿನ ಬಳಿ, ಬಿಡಕಿನ್ ಕಡೆಯ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕನಾಗಿದ್ದೆ. ಅಲ್ಲಿಯೂ ಗಂಟೆ ಬಾರಿಸದೆ ಕ್ರೇನು ಒಂದು ಗೇಣು ಸರಿಯುವಂತಿರಲಿಲ್ಲ. ಮನೆಯಲ್ಲೂ ಅದೇ ಪದ್ಧತಿ. ಮಗಳಿಗೆ ಏನು ಬೇಕಾದರೂ ಊಟದ ಹೊತ್ತಿಗೆ ವಾದಿಸಿ ಗೆಲ್ಲಬೇಕು. ನಾನು ಸ್ಟೀಲಿನ ಲೋಟಕ್ಕೆ ಚಮಚ ಬಡಿಯುತ್ತಿದ್ದೆ: ನಾಲ್ಕನೆಯ ನಿಮಿಷಕ್ಕೆ ಒಂದು ಸಲ, ಐದಕ್ಕೆ ಎರಡು ಸಲ.

ಅಶ್ವಿನಿ ನಾಸಿಕದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಜನರ ಮೊಣಕಾಲು ನಡೆಸುವುದು ಅವಳ ಕೆಲಸ. ರಾಫ್ಟಿಂಗಿಗಾಗಿ ಮೊದಲು ಋಷಿಕೇಶಕ್ಕೆ ಹೋಗುತ್ತೇನೆಂದಳು. ಅಷ್ಟು ದೂರ ಬೇಡವೆಂದೆ. ಸಂಕ್ರಾಂತಿಗೆ ಮನೆಗೆ ಬಂದಾಗ ಹೊಸ ವಿಷಯ ಮಂಡಿಸಿದಳು. ಚೈತ್ರದಲ್ಲಿ ಕೆಳಗಿನ ಹೊಲಗಳಿಗೆಂದು ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಆ ಒಂದೆರಡು ದಿನ ಒಣಗಿದ ನದಿ ಬಂಡೆಗಳ ನಡುವೆ ನೊರೆಗರೆದು ಓಡುತ್ತದೆ, ನಾಸಿಕದಿಂದ ಒಂದೇ ತಾಸಿನ ದಾರಿ ಎಂದು.

"ಅಪ್ಪಾಜಿ, ಮನಿ ಹತ್ರ ಅಂದ್ರಿ, ಮನಿ ಹತ್ರನೇ ತಂದೀನಿ ನದೀನ. ಇನ್ನೇನ್ ಅಂಗಳದಾಗ ಹರೀಬೇಕಾ?"

ನಾನು ಲೋಟ ಬಡಿದೆ.

"ಥಾಂಬಾ, ಥಾಂಬಾ! ನಂದಿನ್ನಾ ಒಂದು ಮಿನಿಟ್ ಅದ."

"ಮರಾಠಿಯಾಗ ವಾದ ಮಾಡಿದ್ರ ಅಂಕ ಕಟ್," ಎಂದೆ.

"ನೀವಿಬ್ರೂ ಗಂಟಿ ಬಾರ್ಸ್ಕೋತ ಕೂಡ್ರಿ, ಇಲ್ಲಿ ರೊಟ್ಟಿ ಆರ್ಲಾಕತ್ಯಾವ," ಎಂದಳು ನನ್ನ ಹೆಂಡತಿ ಕಾಶಿಬಾಯಿ. "ಹೋಗ್ಲಿ ಬಿಡ್ರಿ. ಕೂಸು ಎಷ್ಟು ತಯಾರಿ ಮಾಡ್ಯಾಳ ನೋಡ್ರಿ."

ತಯಾರಿಯನ್ನು ನೋಡಿದೆ. ಒಂದು ನೋಟುಬುಕ್ಕು ತುಂಬ ಇತ್ತು. ಯಾವ ಬಂಡೆಯ ಎಡಕ್ಕೆ, ಯಾವುದರ ಬಲಕ್ಕೆ ರಾಫ್ಟ್ ಹಾಯಬೇಕೆಂಬ ನಕ್ಷೆ. ಹತ್ತಿರದ ಎರಡು ಆಸ್ಪತ್ರೆಗಳ ದೂರವಾಣಿ ಸಂಖ್ಯೆ. ಗೆಳೆಯ ವರುಣನ ತಂದೆಯ ಉಡುಪಿ ಹೋಟೆಲಿನಿಂದ ನಾಲ್ವರಿಗೆ ಇಡ್ಲಿ. ಚಟ್ನಿ ಬೇಡ, ಬಿಸಿಲಿಗೆ ಕೆಡುತ್ತದೆ ಎಂಬ ಟಿಪ್ಪಣಿಯೂ ಇತ್ತು. ನಿಮ್ಮ ಇಡೀ ವಿಭಾಗ ಒಂದು ವರ್ಷದಲ್ಲಿ ತೋರದ ಮುಂದಾಲೋಚನೆಯನ್ನು ಒಂದು ಹುಡುಗಿ ನಲವತ್ತು ಪುಟಗಳಲ್ಲಿ ತೋರಿದ್ದಳು. ನಾನು ಸೋತೆ. ಸೋತವನ ಹಟದಿಂದ ಒಂದು ಷರತ್ತು ಹಾಕಿದೆ: ನೀರು ಬಿಡುವ ವೇಳೆ ಬಾಯಿಮಾತಿನದಾಗಬಾರದು, ಅಧಿಕಾರಿಯ ಸಹಿ ಮೊಹರು ಇರುವ ಕಾಗದ ತರಬೇಕು. ಆ ಕಡೆ ರಾಫ್ಟ್ ಇಳಿಸುವವರು ಯಾರೂ ಕಾಗದ ಕೇಳುವುದಿಲ್ಲವಂತೆ. ಅಣೆಕಟ್ಟಿನ ಗೇಟು ಕಾಯುವವನಿಗೆ ಹಿಂದಿನ ರಾತ್ರಿ ಫೋನು ಮಾಡಿ ಕೇಳಿಕೊಳ್ಳುತ್ತಾರಂತೆ. ನಾನು ಅದನ್ನು ಅನಾಗರಿಕ ಪದ್ಧತಿ ಎಂದೆ. ಸರ್ಕಾರ ಲಿಖಿತದಲ್ಲಿ ಮಾತಾಡುತ್ತದೆ ಎಂದು ಭಾಷಣ ಮಾಡಿದೆ. ಅವಳು ನಾಲ್ಕು ಸಲ ನಿಮ್ಮ ಕಚೇರಿಗೆ ಅಲೆದು ಕಾಗದ ತಂದಳು, ಅದರ ಚಿತ್ರ ಕಳಿಸಿ, "ಅಪ್ಪಾಜಿ, ಮೊಹರು ದುಂಡಗದ, ಸಾಕಾ?" ಎಂದು ಬರೆದಳು. ಸಾಕು ಎಂದು ಉತ್ತರಿಸಿದೆ.

ಮುಂದಿನದನ್ನು ವರುಣ ನನ್ನೆದುರು ಕೂತು ಹೇಳಿದ್ದಾನೆ, ಎರಡು ಸಲ, ಒಂದು ಪದ ಬದಲಾಗದಂತೆ. ನೀರು ಬರುವ ಮುನ್ನ ಒಣ ನದಿಪಾತ್ರದಲ್ಲಿ ನಡೆದು, ಅಪಾಯದ ಬಂಡೆಗಳಿಗೆ ಸುಣ್ಣದ ಗುರುತು ಹಾಕಿ ಬರುವುದು ಅವರ ಕ್ರಮ. ಎಂಟೂವರೆಗೆ ಇಳಿಯುತ್ತಿದ್ದಾಗ ದಡದಲ್ಲಿ ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಕೂಗಿ ಹೇಳಿದಳಂತೆ: "ಪೋರಿ, ಇವತ್ತು ಇಳೀಬೇಡ. ಗೇಟಿನವನು ಆರಕ್ಕೇ ಸೈಕಲ್ ಹತ್ತಿ ಮೇಲೆ ಹೋದ. ಅವನು ಹೋದರೆ ನೀರು ಬಂದಂಗೇ." ವರುಣ ನಿಂತ. ನನ್ನ ಮಗಳು ಜೇಬಿನಿಂದ ಕಾಗದ ತೆಗೆದು ಬಿಡಿಸಿ ತೋರಿಸಿದಳು. "ಆಜಿ, ಸಾಹೇಬರ ಸಹಿ ಇದೆ ನೋಡು. ಹನ್ನೊಂದಕ್ಕೆ." ಮುದುಕಿಗೆ ಓದು ಬಾರದು. ಕಾಗದ ನೋಡಿ ಮೇಕೆಗಳ ಕಡೆ ತಿರುಗಿದಳು. ಸುಣ್ಣದ ಡಬ್ಬಿ ಹಿಡಿದು ಅಶ್ವಿನಿ ಮೂರನೆಯ ಬಂಡೆಯವರೆಗೆ ಹೋದಳು. ಉಳಿದ ಮೂವರು ದಡದ ಸಮೀಪ ಇದ್ದುದರಿಂದ ಬದುಕಿದರು.

ಮೇಕೆಯವಳು ಸೈಕಲ್ ನೋಡಿ ತಿಳಿದದ್ದನ್ನು ನನ್ನ ಮಗಳು ನಿಮ್ಮ ಮೊಹರು ನೋಡಿ ನಂಬದೆ ಹೋದಳು. ಇದರಲ್ಲಿ ಅನಕ್ಷರಸ್ಥರು ಯಾರು?

ಎರಡು ತಾಸು ಹತ್ತು ನಿಮಿಷ ಮುಂಚೆ ನೀರು ಬಂದದ್ದೇಕೆ? ಹೊಲಗಳ ಬಾಯಾರಿಕೆ ಒಮ್ಮೆಲೇ ಹೆಚ್ಚಿತೇ? ಅಣೆಕಟ್ಟು ಬಿರಿಯಿತೇ? ಇಲ್ಲ. ಕೆಳಗಿನ ಊರಿನಲ್ಲಿ ಹೊಸ ಸ್ನಾನಘಟ್ಟದ ಉದ್ಘಾಟನೆ ಇತ್ತು. ಗಣ್ಯರು ಆರತಿ ಎತ್ತುವ ಹೊತ್ತಿಗೆ ನದಿ ತುಂಬಿರಬೇಕಿತ್ತು. ಕೆಸರಿಗೆ ಆರತಿ ಎತ್ತಿದರೆ ಚಿತ್ರ ಚೆನ್ನಾಗಿ ಬರುವುದಿಲ್ಲ. ಶನಿವಾರ ಸಂಜೆ ನಿಮ್ಮ ಒಂದು ಫೋನಿನಲ್ಲಿ ವೇಳೆ ಬದಲಾಯಿತು. ಸೋಮವಾರದ ಪತ್ರಿಕೆಯಲ್ಲಿ ಆ ಚಿತ್ರ ನೋಡಿದೆ. ನೀವು ಎರಡನೆಯ ಸಾಲಿನಲ್ಲಿ ಕೈಮುಗಿದು ನಿಂತಿದ್ದೀರಿ. ನಿಮ್ಮ ಮುಂದೆ ತುಂಬಿ ಹೊಳೆಯುತ್ತಿದ್ದ ಆ ನೀರು ನನ್ನ ಮಗಳನ್ನು ಹಾದು ಬಂದ ನೀರು.

ಈಗ ನಿಮ್ಮ ಏಕೈಕ ಉತ್ತರದ ವಿಚಾರ. "ಸೈರನ್ ದುರಸ್ತಿಯಲ್ಲಿತ್ತು, ಆದಾಗ್ಯೂ ನಿಯಮಾನುಸಾರ ಮುನ್ಸೂಚನೆ ನೀಡಲಾಗಿತ್ತು. ಮೃತರು ಅನಧಿಕೃತವಾಗಿ ನದಿಪಾತ್ರವನ್ನು ಪ್ರವೇಶಿಸಿದ್ದು, ಲೈಫ್ ಜಾಕೆಟ್ ಧರಿಸಿರಲಿಲ್ಲ. ಘಟನೆಗೆ ಅವರ ಅಜಾಗರೂಕತೆಯೇ ಕಾರಣ." ಮೂರೇ ವಾಕ್ಯ, ಮೂರೂ ಒಂದನ್ನೊಂದು ಕಂಡು ನಾಚಬೇಕಾದವು. ಒಣ ಬಂಡೆಯ ಮೇಲೆ ನಡೆಯುವವರು ಲೈಫ್ ಜಾಕೆಟ್ ತೊಡಬೇಕೆ? ಹಾಗಿದ್ದರೆ ನಿಮ್ಮ ಕಚೇರಿಯ ಮೆಟ್ಟಿಲು ಹತ್ತುವಾಗಲೂ ತೊಡಬೇಕಾದೀತು, ಯಾವಾಗ ಯಾರು ಮುಳುಗುತ್ತಾರೋ ತಿಳಿಯದು. ಅವಳು ಅನಧಿಕೃತಳಾದರೆ ಅವಳ ಜೇಬಿನಲ್ಲಿ ನೆನೆದು ಹಿಟ್ಟಾಗಿದ್ದ ಆ ಕಾಗದ ಯಾರದು? ಮುನ್ಸೂಚನೆ ನೀಡಿದ್ದು ಹೇಗೆ, ಬೂದುಗುಂಬಳದ ಮೇಲೆ ಬರೆದು ತೇಲಿಬಿಟ್ಟಿರೇ?

ಹೇಗೆಂದು ತಿಳಿಯಲು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಗುಮಾಸ್ತನೊಬ್ಬ ನಮ್ಮ ಕಡೆಯವನೇ. ಹೆಸರು ಹೇಳಿ ಅವನ ಅನ್ನಕ್ಕೆ ಕಲ್ಲು ಹಾಕಲಾರೆ.

"ಶನಿವಾರ ಸಂಜೀಕೇ ಬೋರ್ಡಿಗಿ ಹಚ್ಚೀವ್ರಿ ಕಾಕಾ, ವೇಳೆ ಬದಲಾಗ್ಯದಂತ."

"ಬೋರ್ಡು ಎಲ್ಲದ?"

"ಒಳಗ, ಸಾಹೇಬ್ರ ಖೋಲಿ ಬಾಜೂಕ."

"ರವಿವಾರ ಆಫೀಸ್ ತೆರೀತೀರಿ?"

"ಇಲ್ರೀ, ಬಂದ್ ಇರ್ತದ."

"ಹಂಗಾರ ಬೀಗ ಹಾಕಿದ್ ಆಫೀಸಿನಾಗಿನ ಬೋರ್ಡು ಯಾರು ಓದಬೇಕಪ್ಪಾ?"

ಅವನು ತಲೆ ತಗ್ಗಿಸಿದ. "ಓದೋದು ನಮ್ ಕೆಲ್ಸ ಅಲ್ರೀ ಕಾಕಾ. ಹಚ್ಚೋದು ನಮ್ ಕೆಲ್ಸ." ಆಮೇಲೆ ಎದ್ದು ಹೋಗಿ ನನಗೊಂದು ಲೋಟ ನೀರು ತಂದಿಟ್ಟ. ನಿಮ್ಮ ಇಡೀ ಕಟ್ಟಡದಲ್ಲಿ ನಾನು ಕಂಡ ಏಕೈಕ ಮನುಷ್ಯಕೃತ್ಯ ಅದು. ಆ ನೀರನ್ನು ನಾನು ಕುಡಿಯಲಾರದೆ ಹೋದೆ.

ನನ್ನ ಪಾಲಿನ ತಪ್ಪನ್ನೂ ಸಭೆಯ ಮುಂದಿಡುತ್ತೇನೆ. ಎದುರಾಳಿಯ ಕೈಗೆ ಅಸ್ತ್ರ ಕೊಟ್ಟೇ ವಾದಿಸಬೇಕೆಂದು ನಮ್ಮ ಮೇಷ್ಟ್ರು ಕಲಿಸಿದ್ದರು. ನಾನು ಆ ಷರತ್ತು ಹಾಕದಿದ್ದರೆ ಅವಳು ಎಲ್ಲರಂತೆ ಗೇಟಿನವನಿಗೆ ಫೋನು ಮಾಡುತ್ತಿದ್ದಳು. ಅವನು ನಿಜ ಹೇಳುತ್ತಿದ್ದ. ಅವಳು ಈ ಯುಗಾದಿಗೆ ಬೇವು ಬೆಲ್ಲ ತಿನ್ನುತ್ತಿದ್ದಳು. ಕಾಶಿಬಾಯಿ ಇದನ್ನು ನನಗೆ ಒಂದು ಸಲವೂ ಹೇಳಿಲ್ಲ. ಊಟದ ಹೊತ್ತಿಗೆ ನನ್ನೆದುರು ಆ ಸ್ಟೀಲಿನ ಲೋಟ ಇಡುವುದನ್ನು ಬಿಟ್ಟಿದ್ದಾಳೆ, ಅಷ್ಟೇ. ನನ್ನ ಅಪರಾಧ ನಿಮ್ಮನ್ನು ನಂಬಿದ್ದು. ನಿಮ್ಮದು, ನಂಬಿಸಿದ್ದು. ಎರಡೂ ಒಂದೇ ತೂಕವೆಂದು ನೀವು ವಾದಿಸುವುದಾದರೆ, ಬನ್ನಿ, ನಾನು ವಿರೋಧಪಕ್ಷದಲ್ಲಿ ಕೂರುತ್ತೇನೆ.

ಮೊನ್ನೆ ವರುಣ ಬಂದಿದ್ದ. ಅವನೂ ಉಳಿದಿಬ್ಬರೂ ಈ ಸಲ ಹೋಗುತ್ತಾರಂತೆ, ಅವಳ ನೋಟುಬುಕ್ಕು ಕೊಡಿ ಎಂದ. ಬೈಯಬೇಕೆಂದಿದ್ದೆ. "ಅಂಕಲ್, ಅವಳು ಮಾಡಿದ ಪ್ಲಾನ್‌ನಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಒಂದು ಸಲ ಪೂರ್ತಿ ಮಾಡ್ಬೇಕು," ಎಂದ. ಕಾಶಿಬಾಯಿ ಒಳಗೆ ಹೋಗಿ ನೋಟುಬುಕ್ಕು ತಂದುಕೊಟ್ಟಳು. ಬರುವ ರವಿವಾರ ನೀರು ಬಿಡುವುದಾಗಿ ನಿಮ್ಮ ಹೊಸ ಪ್ರಕಟಣೆ ಹೇಳುತ್ತದೆ. ವೇಳೆ ಮತ್ತೆ ಹನ್ನೊಂದು. ಸೈರನ್ ಮತ್ತೆ ದುರಸ್ತಿಯಲ್ಲಿದೆ ಎಂದು ಗುಮಾಸ್ತನಿಂದಲೇ ತಿಳಿಯಿತು. ಒಂದು ವರ್ಷದಿಂದ ದುರಸ್ತಿಯಾಗುತ್ತಲೇ ಇರುವ ಆ ಯಂತ್ರಕ್ಕೆ ನನ್ನ ಅನುಕಂಪ.

ಆದ್ದರಿಂದ ನಾನು ಕೇಳುವುದಿಷ್ಟು. "ಅಜಾಗರೂಕತೆಯೇ ಕಾರಣ" ಎಂಬ ಆ ವಾಕ್ಯವನ್ನು ನಿಮ್ಮ ಕಡತದಿಂದ ಹಿಂದಕ್ಕೆ ಪಡೆಯಿರಿ, ಪಡೆದದ್ದನ್ನು ಲಿಖಿತದಲ್ಲಿ ತಿಳಿಸಿ. ಪರಿಹಾರ ಕೇಳುತ್ತಿಲ್ಲ, ಕ್ಷಮೆಯನ್ನಂತೂ ಕೇಳುತ್ತಿಲ್ಲ; ಅದಕ್ಕೂ ನೀವು ಅರ್ಜಿ ನಮೂನೆ ಇಟ್ಟಿರಬಹುದು. ಇನ್ನು ರವಿವಾರ ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ, ನಿಮ್ಮದೇ ಸಹಿಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಆ ಮೂರನೆಯ ಬಂಡೆಯ ಮೇಲೆ ನೀವು ಬಂದು ನಿಲ್ಲಿ. ಸುಣ್ಣದ ಗುರುತನ್ನು ನೀರು ತೊಳೆದಿದೆ, ಆದರೆ ಅವಳ ನಕ್ಷೆಯಲ್ಲಿ ಆ ಬಂಡೆ ಇದೆ, ಹುಡುಕುವುದು ಕಷ್ಟವಲ್ಲ. ನೀವು ಬರುವಿರೆಂದು ಖಚಿತವಾದ ಕ್ಷಣ ಆ ಸೈರನ್ ತನ್ನಿಂದ ತಾನೇ ದುರಸ್ತಿಯಾಗುತ್ತದೆ. ಹಾಗಾದರೆ ಮಕ್ಕಳು ನೀರಿಗಿಳಿಯಲಿ. ಆಗದಿದ್ದರೆ ಹೆದರಬೇಡಿ. ನಾನು ದಡದಲ್ಲಿರುತ್ತೇನೆ, ಆ ಮುದುಕಿಯ ಪಕ್ಕದಲ್ಲಿ, ಸ್ಟೀಲಿನ ಲೋಟ ಮತ್ತು ಚಮಚ ಹಿಡಿದು. ಗೇಟಿನವನ ಸೈಕಲ್ ಅಣೆಕಟ್ಟಿನತ್ತ ಹೋದದ್ದು ಕಂಡರೆ ಬಾರಿಸುತ್ತೇನೆ. ನೀವು ಅವಳಿಗೆ ಕೊಡದ ಮೊದಲ ಗಂಟೆಯನ್ನು ನಾನು ನಿಮಗೆ ಕೊಡುತ್ತೇನೆ.

ಇಂತಿ,
ಮೊಹರು ದುಂಡಗಿದ್ದರೆ ಸಾಕೆಂದು ಮಗಳಿಗೆ ಬರೆದ ತಂದೆ,
ಚನಬಸಪ್ಪ
ಛತ್ರಪತಿ ಸಂಭಾಜಿನಗರ